ಹರಳು ಆರಿಸಿದವರಿಗೆ ಎಷ್ಟು?

ಎಲ್ಲರಿಗೂ ನಮಸ್ಕಾರ. ಈ ಹಾಲ್‌ನಲ್ಲಿ 6 ಫ್ಯಾನ್ ಇವೆ, ತಿರುಗುತ್ತಿರುವುದು 4. ಕಲಬುರಗಿಯ ಏಪ್ರಿಲ್ ಬಿಸಿಲು ನಿಮಗೇನು ಹೊಸದಲ್ಲ. ಬೇಗ ಬಂದವರು ಫ್ಯಾನಿನ ಕೆಳಗೆ ಕೂತಿದ್ದೀರಿ, ತಡವಾಗಿ ಬಂದವರು ಗೋಡೆಗೆ ಒರಗಿ ನಿಂತಿದ್ದೀರಿ. ಯಾರೂ ತಕರಾರು ಮಾಡಿಲ್ಲ. ಬೇಗ ಬಂದವರಿಗೆ ಕುರ್ಚಿ, ನ್ಯಾಯವೇ ಅಲ್ವಾ? ಇರಲಿ, ಕುರ್ಚಿ ವಿಷಯಕ್ಕೆ ಆಮೇಲೆ ಬರ್ತೀನಿ.

ಇವತ್ತಿನ ವಿಷಯ, ಬೇರೆ ಇಬ್ಬರ ನಡುವೆ ದುಡ್ಡು ಹಂಚುವುದು. ನಿಮ್ಮ ಜೇಬಿನಿಂದ ಒಂದು ಪೈಸೆ ಹೋಗಲ್ಲ, ಬರೋದೂ ಇಲ್ಲ. ಆಗ ಯಾವುದನ್ನು ನ್ಯಾಯ ಅಂತೀರಿ? ಸ್ವಂತ ಪಾಲಿನ ಮಾತು ಬಂದರೆ ನಾವೆಲ್ಲ ವಕೀಲರೇ. ಅದಕ್ಕೇ ಅರ್ಥಶಾಸ್ತ್ರದವರು ಪಾಲಿಲ್ಲದವರ ಕೈಗೆ ದುಡ್ಡು ಕೊಟ್ಟು ನೋಡುತ್ತಾರೆ.

ಹೋದ ವರ್ಷ ನಮ್ಮ ಕ್ಲಾಸಿನಲ್ಲೂ ಇದನ್ನು ಆಡಿಸಿದೆ. ಇಬ್ಬರು ಹುಡುಗಿಯರು, ಇಬ್ಬರ ಮುಂದೂ ಒಂದೊಂದು ಮೊರ, ಹರಳು ಬೆರೆಸಿದ ತೊಗರಿ. 2019ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಅಧಿಕೃತ ಗುರುತು, ಸಿಕ್ಕ ನಮ್ಮ ಕಲಬುರಗಿ ತೊಗರಿಗೆ ಹರಳು ಬೆರೆಸಿದ ಪಾಪ ನನ್ನದು. ಆರಿಸಲು 15 ನಿಮಿಷ, ಮೇಜಿನ ಮೇಲೆ 100 ರೂಪಾಯಿ. ಮೊದಲ ಸಲ ಯಾರಿಗೆ ದುಡ್ಡು ಎಂದು ಚೀಟಿ ಎತ್ತಿಸಿದೆ. ಚೀಟಿ ಬಂದವಳಿಗೆ ಪೂರ್ತಿ 100, ಇನ್ನೊಬ್ಬಳಿಗೆ ಏನೂ ಇಲ್ಲ. ಹಿಂದಿನ ಬೆಂಚಿನ ಹುಡುಗನನ್ನು ಕರೆದು, ನಿನಗೆ ಸರಿ ಕಂಡಂತೆ ಮತ್ತೆ ಹಂಚು ಎಂದೆ. ಅವನು ಯೋಚನೆಯನ್ನೇ ಮಾಡಲಿಲ್ಲ. 50-50. "ಚೀಟಿ ಏನ್ ದುಡೀತದೇನ್ರಿ ಮೇಡಂ?" ಎಂದ.

ಎರಡನೇ ಸಲ ಚೀಟಿ ಇಲ್ಲ. ಜಾಸ್ತಿ ಹರಳು ತೆಗೆದವಳಿಗೆ 100. ಈಗ ಹುಡುಗ ತಲೆ ಕೆರೆದುಕೊಂಡ. 80-20 ಮಾಡಿದ. ಆಮೇಲೆ ಒಂದು 10ರ ನೋಟು ಎತ್ತಿ ಈ ಕಡೆ ಸರಿಸಿದ. "ಅಕಿ ಹೆಚ್ಚು ಆರ್ಸ್ಯಾಳ ಖರೆ, ಇಕಿನೂ ಸುಮ್ನೆ ಕುಂತಿಲ್ಲಲ್ರಿ."

ನಾರ್ವೆಯ ಅಲ್ಮೋಸ್, ಕಪ್ಪೆಲೆನ್, ತುಂಗೊಡ್ಡೆನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದನ್ನೇ ದೊಡ್ಡದಾಗಿ ಮಾಡಿದ್ದಾರೆ. ನಾರ್ವೆಯ ಜನ, ಅಮೆರಿಕದ ಜನ, ಇಬ್ಬರ ಕೈಗೂ ಬೇರೆಯವರ ಕೂಲಿ ಹಂಚುವ ಅಧಿಕಾರ ಕೊಟ್ಟರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಅಮೆರಿಕದವರು ಜಾಸ್ತಿ ಅಂತರ ಹಾಗೇ ಬಿಟ್ಟರು, ನಾರ್ವೆಯವರು ಜಾಸ್ತಿ ಸಮ ಮಾಡಿದರು. ಆದರೆ ಅದೃಷ್ಟದಿಂದ ಬಂದ ಅಂತರ ದುಡಿಮೆಯಿಂದ ಬಂದದ್ದಕ್ಕಿಂತ ಕೆಟ್ಟದ್ದು ಅನ್ನುವುದರಲ್ಲಿ ಎರಡೂ ದೇಶ ಒಂದೇ. ಹಂಚುವಾಗ ಒಂದಿಷ್ಟು ದುಡ್ಡು ಸೋರಿ ಹೋಗುತ್ತದೆ ಎಂದು ಹೇಳಿದರೂ ಜನ ಅಷ್ಟಾಗಿ ಕೈ ಹಿಂದೆ ತೆಗೆಯಲಿಲ್ಲ. ನಾವು ಅರ್ಥಶಾಸ್ತ್ರದ ಮೇಷ್ಟ್ರುಗಳು ಕ್ಲಾಸಿನಲ್ಲಿ ಜಾಸ್ತಿ ಹೊತ್ತು ಕೊರೆಯುವುದು ಆ ಸೋರಿಕೆ ಬಗ್ಗೆಯೇ!

ನಾರ್ವೆಯಲ್ಲೇ 2010ರಲ್ಲಿ ಮಕ್ಕಳ ಮೇಲೆ ನಡೆದ ಅಧ್ಯಯನವೂ ಇದೆ. 5ನೇ ತರಗತಿಯ ಮಕ್ಕಳು ಹೆಚ್ಚಾಗಿ ಎಲ್ಲರಿಗೂ ಸಮ ಅನ್ನುತ್ತಾರೆ. ದೊಡ್ಡವರಾಗುತ್ತಾ "ಹೆಚ್ಚು ಮಾಡಿದವರಿಗೆ ಹೆಚ್ಚು" ಅನ್ನುವುದನ್ನು ಕಲಿಯುತ್ತಾರೆ.

ಸರಿ, ಮೊರದಲ್ಲಿ ಹರಳು ಬೇರೆ, ತೊಗರಿ ಬೇರೆ. ಹೊಲದಲ್ಲಿ ಹಾಗಿಲ್ಲ. ಜೇವರ್ಗಿ ಕಡೆ ಇಬ್ಬರ ಹೊಲ ಅಕ್ಕಪಕ್ಕ ಅಂದುಕೊಳ್ಳಿ. ಅದೇ ಕಪ್ಪು ಮಣ್ಣು, ಅದೇ ಬೀಜ, ಒಂದೇ ವಾರ ಬಿತ್ತನೆ. ಹೂ ಬಿಡುವ ಹೊತ್ತಿಗೆ ಒಬ್ಬನ ಹೊಲಕ್ಕೆ ನೆಟೆ ರೋಗ ಬಿತ್ತು. ನಿಂತ ಗಿಡ ನಿಂತಲ್ಲೇ ಒಣಗಿತು. ಅಲ್ಲಿಗೆ ಅದು ಅದೃಷ್ಟ, ಯಾರಾದರೂ ಅಯ್ಯೋ ಅಂತಾರೆ. ಆಮೇಲೆ ಏನಾಗುತ್ತದೆ ನೋಡಿ. ಪಕ್ಕದವನು ದಿನಾ ಹೊಲಕ್ಕೆ ಹೋಗ್ತಾನೆ, ಕಾಯಿಕೊರಕಕ್ಕೆ ಔಷಧಿ ಹೊಡೀತಾನೆ, ರಾತ್ರಿ ಕಾಯ್ತಾನೆ. ಇವನು ಹೋಗಲ್ಲ. ಒಣಗಿದ ಹೊಲಕ್ಕೆ ಹೋಗಿ ಮಾಡುವುದೇನು? ರಾಶಿ ಟೈಮಿಗೆ ಊರ ಕಟ್ಟೆ ಮೇಲೆ ಮಾತು: "ಅಂವ ಹೊಲದ ಕಡೀಗೇ ಹೋಗಂಗಿಲ್ಲ ಬಿಡೋ." ನೆಟೆ ರೋಗ ಮರೆತೇ ಹೋಯಿತು, ಸೋಮಾರಿತನ ಮಾತ್ರ ಉಳಿಯಿತು.

ಜರ್ಮನಿಯ ಪೀಟರ್ ಆಂಡ್ರೆ ಇದೇ ಗಂಟನ್ನು ಅಮೆರಿಕದ ಜನರ ಮುಂದಿಟ್ಟರು. ಒಬ್ಬ ಕೆಲಸಗಾರನಿಗೆ ಕೂಲಿ ದರ ಜಾಸ್ತಿ, ಇನ್ನೊಬ್ಬನಿಗೆ ಕಡಿಮೆ, ಅದೂ ಬರೀ ಅದೃಷ್ಟದಿಂದ. ಕಡಿಮೆ ದರ ಸಿಕ್ಕವರು ಕಡಿಮೆ ಕೆಲಸ ಮಾಡುತ್ತಾರೆ, ಸಹಜ. ಇವರ ಗಳಿಕೆ ಹಂಚಿ ಎಂದರೆ, ಹಂಚುವವರು ಮಾಡಿದ ಕೆಲಸವನ್ನಷ್ಟೇ ಲೆಕ್ಕ ಹಾಕಿದರು. ಯಾಕೆ ಕಡಿಮೆ ಮಾಡಿದ ಅನ್ನುವುದಕ್ಕೆ ಹೆಚ್ಚಿಗೆ ಏನೂ ಕೊಡಲಿಲ್ಲ. ಕೆಲವರದ್ದು ನ್ಯಾಯದ ಬಗ್ಗೆ ಗಟ್ಟಿ ಅಭಿಪ್ರಾಯವೇ ಅದು. ಇನ್ನು ಕೆಲವರಿಗೆ ದರದ ಮಹಿಮೆ ಚೆನ್ನಾಗೇ ಅರ್ಥವಾಗಿತ್ತು. ಆದರೆ ಇವನಿಗೂ ಅದೇ ದರ ಸಿಕ್ಕಿದ್ದರೆ ಎಷ್ಟು ಮಾಡುತ್ತಿದ್ದ? ಖಚಿತವಾಗಿ ಹೇಳೋಕಾಗಲ್ಲ. ಹೇಳೋಕಾಗಲ್ಲ ಅಂತ ಹೆಚ್ಚಿಗೆ ಏನೂ ಕೊಡದೆ ಬಿಟ್ಟರು. ನನ್ನ ಜಗಳ ಇರುವುದು ಇಲ್ಲೇ. ಗೊತ್ತಿಲ್ಲ ಅನ್ನುವುದನ್ನು ನಾವು ಸೊನ್ನೆ ಅಂತ ಬರೆದುಕೊಂಡುಬಿಡುತ್ತೇವೆ.

ನಮಗಿದು ದೂರದ ಮಾತಲ್ಲ. 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಾಗಿ, ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ 371(ಜೆ) ಬಂತು. ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನಮ್ಮ ಭಾಗದವರಿಗೆ ಶೇ. 8 ಸೀಟು. ಅಲ್ಲಿಗೆ ಹೋದ ನಮ್ಮ ಮಕ್ಕಳಿಗೆ ಹಾಸ್ಟೆಲ್‌ನಲ್ಲಿ ಕೇಳುವ ಮೊದಲ ಪ್ರಶ್ನೆ "ನಿನ್ನ ರ‍್ಯಾಂಕ್ ಎಷ್ಟು?" ರ‍್ಯಾಂಕ್ ಕಣ್ಣಿಗೆ ಕಾಣುತ್ತದೆ. ಪಿಯುಸಿಯಲ್ಲಿ ಆರು ತಿಂಗಳು ಫಿಸಿಕ್ಸ್ ಮೇಷ್ಟ್ರೇ ಇರಲಿಲ್ಲ, ಆ ಬೇಸರಕ್ಕೆ ಹುಡುಗ ಓದುವುದನ್ನೇ ಬಿಟ್ಟಿದ್ದ ಅನ್ನುವುದು ಯಾವ ಪಟ್ಟಿಯಲ್ಲೂ ಇರಲ್ಲ. ಹಾಗಂತ ಓದದ್ದಕ್ಕೆಲ್ಲ ಮೇಷ್ಟ್ರು ಇಲ್ಲದ್ದೇ ಕಾರಣ ಅಂತಲೂ ನಾನು ಹೇಳಲ್ಲ. ನನ್ನ ಕ್ಲಾಸಿನಲ್ಲೂ ಅಪ್ಪಟ ಸೋಮಾರಿಗಳಿದ್ದಾರೆ, ಇಬ್ಬರು ಇಲ್ಲೇ ಕೂತು ನಗ್ತಿದ್ದಾರೆ.

ಮೂರನೇ ಆಟ ಹೇಳಿ ಮುಗಿಸ್ತೀನಿ. ಒಬ್ಬಳಿಗೆ ಹರಳಿಗೆ 2 ರೂಪಾಯಿ, ಇನ್ನೊಬ್ಬಳಿಗೆ 25 ಪೈಸೆ ಎಂದೆ. 25 ಪೈಸೆಯವಳು 5 ನಿಮಿಷ ಆರಿಸಿದಳು, ಆಮೇಲೆ ಮೊರ ಪಕ್ಕಕ್ಕಿಟ್ಟು ಕಿಟಕಿ ಕಡೆ ನೋಡುತ್ತಾ ಕೂತಳು. ಬಂದ ದುಡ್ಡನ್ನೆಲ್ಲ ಸೇರಿಸಿ ಅದೇ ಹುಡುಗನ ಕೈಗೆ ಕೊಟ್ಟೆ. ಅವನು ಎರಡು ಸಲ ಎಣಿಸಿದ. ಮೊರ ನೋಡಿದ, ಅವಳನ್ನು ನೋಡಿದ. ದುಡ್ಡನ್ನು ತಂದು ನನ್ನ ಮೇಜಿನ ಮೇಲೇ ಇಟ್ಟ. "ರೇಟ್ ನೀವು ಹಚ್ಚೀರಿ ಮೇಡಂ, ಹಂಚೂದ್ ನಾ ಹ್ಯಾಂಗ್ರಿ?"

ಆ ದುಡ್ಡಿಗೆ ಕೊನೆಗೆ ಎಲ್ಲರೂ ಚಹಾ ಕುಡಿದೆವು. ಈಗ ಪ್ರಶ್ನೆಗಳು. ಆಳಂದ ಕಡೆಯ ಬೆಳಗಿನ ಬಸ್ಸು ಇವತ್ತು ಬರಲೇ ಇಲ್ಲ ಎಂದು ಬಾಗಿಲಲ್ಲಿ ಯಾರೋ ಹೇಳಿದರು. ಮೈಕ್ ಮೊದಲು ಗೋಡೆ ಕಡೆ ಕೊಡಿ.