ಮೊದಲು ಮೆಮೊರಿ, ಆಮೇಲೆ ಫಾಂಟು

ಕೇಳುಗರೇ, ನಮಸ್ಕಾರ.

ಹಳೆಯ ಕಂಪ್ಯೂಟರು ಆಗಾಗ ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ಜೊತೆಗೆ ಅಕ್ಷರಗಳೂ ಕೆಟ್ಟು ಕಾಣುತ್ತವೆ. ಆಗ ಹೆಚ್ಚಿನವರು ಫಾಂಟುಗಳನ್ನು ಮತ್ತೆ ಹಾಕಲು ಹೊರಡುತ್ತಾರೆ. ದಯವಿಟ್ಟು ಅವಸರ ಮಾಡಬೇಡಿ. ಡಿಸ್ಕಿಗೆ ನಕಲಾಗುವ ಕಡತ ಕಂಪ್ಯೂಟರಿನ ಮೆಮೊರಿಯಾದ ರ‍್ಯಾಮ್ ಮೂಲಕವೇ ಹಾದುಹೋಗಬೇಕು. ಅಲ್ಲಿ ಒಂದೇ ಒಂದು ಬಿಟ್, ಅಂದರೆ ಮಾಹಿತಿಯ ಅತಿ ಚಿಕ್ಕ ತುಣುಕು, ತಪ್ಪಿದರೂ ನೀವು ಹೊಸದಾಗಿ ಹಾಕಿದ ಫಾಂಟು ಕೆಟ್ಟೇ ಡಿಸ್ಕಿಗೆ ಇಳಿಯಬಹುದು. ಆದ್ದರಿಂದ ರ‍್ಯಾಮ್ ಸರಿಯಿದೆ ಎಂದು ಖಾತ್ರಿಯಾಗುವವರೆಗೆ ಫಾಂಟುಗಳನ್ನು ಮುಟ್ಟಬೇಡಿ.

ಕಂಪ್ಯೂಟರ್ ಆರಿಸಿ, ವಿದ್ಯುತ್ ವೈರನ್ನು ಕಿತ್ತು, ಪವರ್ ಗುಂಡಿಯನ್ನು ಐದಾರು ಸೆಕೆಂಡು ಒತ್ತಿಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಇಳಿದುಹೋಗುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ನಂತರವೇ ರ‍್ಯಾಮ್ ಪಟ್ಟಿಗೆ ಕೈಹಾಕಿ. ಎರಡೂ ಬದಿಯ ಕ್ಲಿಪ್ಪುಗಳನ್ನು ಹೊರಕ್ಕೆ ತಳ್ಳಿ ಪಟ್ಟಿಯನ್ನು ನೇರವಾಗಿ ಮೇಲೆತ್ತಿ. ತಳದ ಲೋಹದ ಸಂಪರ್ಕಗಳ ಮೇಲೆ ಕಿಲುಬು, ಧೂಳು ಕೂತಿದ್ದರೆ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಕೊಡವಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಲು ಬಿಡಿ. ಉಪ್ಪುಕಾಗದ ಬೇಡವೇ ಬೇಡ. ಚಿನ್ನದ ಲೇಪ ಎದ್ದುಹೋಗುತ್ತದೆ. ಮತ್ತೆ ಕೂರಿಸುವಾಗ ಕ್ಲಿಪ್ಪುಗಳು ತಾವಾಗಿಯೇ ಮುಚ್ಚಿಕೊಳ್ಳಬೇಕು.

ಇಷ್ಟರಿಂದಲೇ ಎಷ್ಟೋ ಯಂತ್ರಗಳು ಸರಿಹೋಗುತ್ತವೆ. ಹೋಗದಿದ್ದರೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಸಿ.ಡಿ.ಯಿಂದ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ದೋಷ ಕಂಡರೂ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಆಮೇಲೆ ಒಂದೊಂದೇ ಪಟ್ಟಿಯನ್ನು ಬೇರೆ ಬೇರೆ ಸ್ಲಾಟಿನಲ್ಲಿಟ್ಟು ಪರೀಕ್ಷಿಸಿ. ದೋಷವು ಪಟ್ಟಿಯ ಜೊತೆಯೇ ಹೋದರೆ ಪಟ್ಟಿ ಕೆಟ್ಟಿದೆ. ಸ್ಲಾಟಿನಲ್ಲೇ ಉಳಿದರೆ ಮದರ್‌ಬೋರ್ಡಿನ ಕಡೆ ನೋಡಬೇಕು.

ಬದಲಿ ಪಟ್ಟಿ ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಪಟ್ಟಿಗಳಲ್ಲಿ ಹಲವು ಬಗೆಗಳಿವೆ. ಎಸ್‌ಡಿರ‍್ಯಾಮ್‌ಗೆ 168 ಪಿನ್, ಡಿಡಿಆರ್‌ಗೆ 184. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ ಇದ್ದರೂ ಕಚ್ಚಿನ ಜಾಗ ಬೇರೆ, ವೋಲ್ಟೇಜೂ ಬೇರೆ: ಡಿಡಿಆರ್2ಕ್ಕೆ 1.8, ಡಿಡಿಆರ್3ಕ್ಕೆ 1.5. ಬಲವಂತವಾಗಿ ಒತ್ತಿದರೆ ಸ್ಲಾಟು ಹಾಳಾಗುತ್ತದೆ.

"ಮೆಮೊರಿ ಸಾಲದು" ಎಂಬ ಸಂದೇಶ ಬಂದಾಗಲೆಲ್ಲ ರ‍್ಯಾಮ್ ಕಡಿಮೆಯೇ ಇರುತ್ತದೆ ಎಂದಲ್ಲ. ವಿಂಡೋಸ್ 98ರಲ್ಲಿ 512 ಎಂಬಿಗಿಂತ ಹೆಚ್ಚು ರ‍್ಯಾಮ್ ಹಾಕಿದಾಗಲೂ ಇದೇ ಸಂದೇಶ ಬರಬಹುದು. ಆಗ ಸಿಸ್ಟಮ್.ಐಎನ್ಐ ಕಡತದ ವಿಕ್ಯಾಶ್ ಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಮಿತಿಯನ್ನು 524288ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಡಬೇಕು. ಅದೇ ವಿಂಡೋಸ್‌ನಲ್ಲಿ ಫಾಂಟುಗಳಿಗೂ ಮಿತಿಯುಂಟು. ಸುಮಾರು 1,000 ಟ್ರೂಟೈಪ್ ಫಾಂಟು ಮುಟ್ಟುವ ಹೊತ್ತಿಗೆ ಅವುಗಳ ಹೆಸರುಗಳಿಗೆ ಮೀಸಲಾದ ಜಾಗ ತುಂಬಿ, ಹೊಸ ಫಾಂಟು ಕೂರುವುದಿಲ್ಲ. ಬಳಸದ ಫಾಂಟುಗಳನ್ನು ಬೇರೆ ಫೋಲ್ಡರಿಗೆ ಸರಿಸುವುದೇ ಇದಕ್ಕೆ ಮದ್ದು.

ಈಗ ಅಕ್ಷರಗಳಿಗೆ ಬರೋಣ. ಇಲ್ಲಿ ಏನು ಕಾಣುತ್ತದೆ ಎಂಬುದರಿಂದಲೇ ಕಾರಣ ಗೊತ್ತಾಗುತ್ತದೆ. ಖಾಲಿ ಚೌಕಗಳು ಕಂಡರೆ ಆ ಅಕ್ಷರವಿರುವ ಫಾಂಟೇ ಇಲ್ಲ. ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತರೆ ಫಾಂಟಿದೆ, ಅಕ್ಷರ ಜೋಡಿಸುವ ವ್ಯವಸ್ಥೆ ಇಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಾದರೆ ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಅಂಡ್ ಲಾಂಗ್ವೇಜ್ ಆಪ್ಷನ್ಸ್ ತೆರೆದು, ಲಾಂಗ್ವೇಜಸ್ ಪುಟದಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂದಿರುವ ಕಡೆ ಗುರುತು ಹಾಕಿ. ಎಕ್ಸ್‌ಪಿ ಸಿ.ಡಿ. ಕೇಳಬಹುದು, ಹತ್ತಿರ ಇಟ್ಟುಕೊಳ್ಳಿ. ಕನ್ನಡದ ತುಂಗಾ ಫಾಂಟೂ ಆಗಲೇ ಸೇರಿಕೊಳ್ಳುತ್ತದೆ.

ನಿನ್ನೆಯವರೆಗೆ ಸರಿಯಿದ್ದ ಫಾಂಟು ಇವತ್ತು ಚೆದುರಿ ಕಂಡರೆ ಸೇಫ್ ಮೋಡ್‌ಗೆ ಹೋಗಿ, ಸಿಸ್ಟಮ್32 ಫೋಲ್ಡರಿನಲ್ಲಿ ಫಾಂಟುಗಳ ವಿವರ ಕೂಡಿಟ್ಟಿರುವ ಎಫ್ಎನ್‌ಟಿಕ್ಯಾಶ್.ಡ್ಯಾಟ್ ಕಡತವನ್ನು ಅಳಿಸಿ, ಯಂತ್ರವನ್ನು ಮತ್ತೆ ಶುರುಮಾಡಿ. ವಿಂಡೋಸ್ ಅದನ್ನು ತಾನೇ ಹೊಸದಾಗಿ ಕಟ್ಟಿಕೊಳ್ಳುತ್ತದೆ.

ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಎಲ್ಲ ಭಾಷೆಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ಗಿಂತ ಹಿಂದಿನ ವಿಧಾನದಲ್ಲಿ ಟೈಪಾದ ಬರಹ. 'ನುಡಿ' ಅಥವಾ 'ಬರಹ' ಎಂಬ ತಂತ್ರಾಂಶದ ಹಳೆಯ ಫಾಂಟು ಬೇಕು. ಅಂಥ ಕಡತವನ್ನು ದಯವಿಟ್ಟು ಅಳಿಸಬೇಡಿ, ಬರಹ ಕೆಟ್ಟಿಲ್ಲ. ಮೂಲವನ್ನು ಹಾಗೇ ಉಳಿಸಿ, ನಕಲನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಒಂದೊಂದಾಗಿ ಓದಿ ನೋಡಿ. ಪರಿವರ್ತಕಗಳು ಹೆಚ್ಚಾಗಿ ಎಡವುವುದು ಅಲ್ಲೇ.

ನಮಸ್ಕಾರ.