ಎಂಟು ಕಿಲೋಮೀಟರ್ ರೇಷ್ಮೆ ನೂಲು

ಕೇಳುಗರಿಗೆ ನಮಸ್ಕಾರ.

ದಕ್ಷಿಣ ಧ್ರುವ ಎಂದೊಡನೆ ಬಾಯಿಗೆ ಬರುವುದು ಎರಡೇ ಹೆಸರು. 1911ರ ಡಿಸೆಂಬರ್ 14ರಂದು ಮೊದಲು ಮುಟ್ಟಿದ ಅಮುಂಡ್ಸೆನ್, ತಿಂಗಳು ತಡವಾಗಿ ತಲುಪಿ ಮರಳುವ ದಾರಿಯಲ್ಲಿ ಮಡಿದ ಸ್ಕಾಟ್. ಸ್ಕಾಟ್ ತಂಡದಲ್ಲಿ ಜಾರ್ಜ್ ಸಿಂಪ್ಸನ್ ಎಂಬ ಹವಾಮಾನ ವಿಜ್ಞಾನಿಯೂ ಇದ್ದರು. ಭಾರತದ ಹವಾಮಾನ ಇಲಾಖೆಯಿಂದ, ಶಿಮ್ಲಾದಿಂದ ಹೋದವರು. ಅವರು ಧ್ರುವಕ್ಕೆ ಹೋಗಲಿಲ್ಲ. ಅಂಟಾರ್ಕ್ಟಿಕಾದ ಕಡಲಂಚಿನ ಕೇಪ್ ಇವಾನ್ಸ್‌ನ ತಂಡದ ಮರದ ಮನೆಯ ಬಳಿ ಬಲೂನು ಹಾರಿಸಿದರು.

ಬಲೂನಿನ ಗಾತ್ರ ಒಂದು ಘನ ಮೀಟರ್. ನೀರಿಗೆ ಕ್ಯಾಲ್ಸಿಯಂ ಹೈಡ್ರೈಡ್ ಸುರಿದರೆ ಜಲಜನಕ ಹೊಮ್ಮುತ್ತದೆ, ಕಾಲು ಗಂಟೆಯಲ್ಲಿ ಬಲೂನು ತುಂಬುತ್ತದೆ. ಮೂರು ನಾಲ್ಕು ಮೀಟರ್ ಕೆಳಗೆ ಸುಮಾರು 64 ಗ್ರಾಂ ತೂಕದ ಉಪಕರಣ. ಉಷ್ಣಾಂಶ, ಒತ್ತಡಗಳನ್ನು ಅದರ ಮುಳ್ಳು ಪುಟ್ಟ ಲೋಹದ ತಗಡಿನ ಮೇಲೆ ಗೀಚುತ್ತದೆ. ಆ ಗೆರೆ ಓದಲು ಸೂಕ್ಷ್ಮದರ್ಶಕವೇ ಬೇಕು. ಉಪಕರಣ ಮರಳಿ ಸಿಗದಿದ್ದರೆ ಪಟ್ಟ ಪಾಡೆಲ್ಲ ನೀರುಪಾಲು.

ಅದಕ್ಕೇ ರೇಷ್ಮೆ ನೂಲು: ಒಂದು ತುದಿ ಮೇಲೇರುವ ಉಪಕರಣಕ್ಕೆ, ಇನ್ನೊಂದು ಕೆಳಗಿರುವ ನೂಲು ಸುತ್ತಿದ ಕಂಡಿಕೆಗೆ. ಎಂಟು ಕಿಲೋಮೀಟರ್ ನೂಲಿನ ತೂಕ ಬರೀ 113 ಗ್ರಾಂ. ಅರ್ಧ ಕಿಲೋಗಿಂತ ತುಸು ಹೆಚ್ಚು ಭಾರ ಬಿದ್ದರೆ ಪಟ್ಟನೆ ಹರಿಯುತ್ತದೆ. ಕಂಡಿಕೆ ಶಂಕುವಿನಾಕಾರದ್ದು, ನೂಲು ಎಲ್ಲೂ ತೊಡರದೆ ಬಿಚ್ಚಿಕೊಳ್ಳಲೆಂದು. ಬಲೂನು ಬಿಟ್ಟ ಕೂಡಲೇ ಬೀಳುವ ಜಗ್ಗನ್ನು ನೂಲು ತಾಳದು. ಹಾಗಾಗಿ ಮೊದಲು ಭಾರ ಹೊರುವುದು ದಪ್ಪ ದಾರ. ಅದರ ನಡುವೆ ನಿಧಾನವಾಗಿ ಉರಿಯುವ ಬತ್ತಿ. ಬತ್ತಿ ಉರಿದು ಮುಗಿದ ಮೇಲಷ್ಟೇ ಭಾರ ನೂಲಿಗೆ ಬರುತ್ತದೆ. ಕೊನೆಗೆ ಕೆಳಗಿನಿಂದ ಎಳೆದರೆ ಬಲೂನಿಗೂ ಉಪಕರಣಕ್ಕೂ ನಡುವೆ ನೂಲು ಹರಿಯಬೇಕು. ಆಮೇಲೆ ಹಿಮದ ಮೇಲೆ ನೂಲಿನ ಜಾಡು ಹಿಡಿದು ನಡೆಯಬೇಕು. ಅಣಕು ಉಪಕರಣ ಕಟ್ಟಿ ನೋಡಿದ ಮೊದಲ ಸಲ ನೂಲು ಹರಿದದ್ದು ಕಂಡಿಕೆಯ ಪಕ್ಕದಲ್ಲೇ! ಅಂದೇ ಮಧ್ಯಾಹ್ನ ಜೋಡಿ ನೂಲು ಹಾಕಿ ಬಿಟ್ಟರು, ಉಪಕರಣ ಕೈಗೆ ಸಿಕ್ಕಿತು.

ಇದರಿಂದ ತಿಳಿದದ್ದೇನು? ಚಳಿಗಾಲದಲ್ಲಿ ಹಿಮಕ್ಕೆ ತಾಗಿದ ಗಾಳಿಗಿಂತ ಅದರ ಮೇಲಿನ ಗಾಳಿ ಬೆಚ್ಚಗಿರುತ್ತದೆ. ಹಿಮದ ಬಿರುಗಾಳಿ ಬೀಸಿದಾಗ ಉಷ್ಣಾಂಶ ಇಳಿಯುವ ಬದಲು ಏರುತ್ತಿದ್ದುದಕ್ಕೆ ಕಾರಣ ಇಲ್ಲಿದೆ: ಗಾಳಿ ಎರಡೂ ಪದರಗಳನ್ನು ಕಲಕಿಬಿಡುತ್ತದೆ. ಧ್ರುವದಲ್ಲಿ ನೆಟ್ಟ ಬಾವುಟಕ್ಕಿಂತ ಇದನ್ನೇ ನಾನು ದೊಡ್ಡ ಗಳಿಕೆ ಎನ್ನುತ್ತೇನೆ. ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಧ್ರುವದ ಆಸೆ ತೋರಿಸದಿದ್ದರೆ ಜನ ಚಂದಾ ಕೊಡುತ್ತಿರಲಿಲ್ಲ, ಈ ಬಲೂನುಗಳು ಹಡಗು ಹತ್ತುತ್ತಲೂ ಇರಲಿಲ್ಲ.

1912ರಲ್ಲೇ ಸಿಂಪ್ಸನ್ ಶಿಮ್ಲಾದ ಕೆಲಸಕ್ಕೆ ಮರಳಿದರು. ಮರುವರ್ಷ ಫೆಬ್ರವರಿಯಲ್ಲಿ ಸ್ಕಾಟ್ ಸಾವಿನ ಸುದ್ದಿ ಪತ್ರಿಕೆಗಳ ತುಂಬ ಹರಡಿತು. ಸಿಂಪ್ಸನ್ನರ ಹವಾಮಾನ ಅಧ್ಯಯನದ ಮೊದಲ ಸಂಪುಟ ಅಚ್ಚಾದದ್ದು 1919ರಲ್ಲಿ, ಕಲ್ಕತ್ತಾದಲ್ಲಿ.