ಸುತ್ತು ಇರಲಿ, ನಡುವೆ ಒಂದು ಕ್ಲಾಕ್ ಇರಲಿ!

ನಮಸ್ಕಾರ. ಹೋದ ಸಂಚಿಕೆ ಕೆಳಗೆ ಒಬ್ಬರು ಬರೆದಿದ್ದಾರೆ: "ತನ್ನನ್ನೇ ಕರೆಯೋ ಪ್ರಾಪರ್ಟಿ ಅಂದ್ರೆ ಅಸಂಬದ್ಧ. ಸಿಸ್ಟಮ್‌ವೆರಿಲಾಗ್ ಅದನ್ನ ಪೂರ್ತಿ ನಿಷೇಧಿಸಬೇಕಿತ್ತು." ಸಿಸ್ಟಮ್‌ವೆರಿಲಾಗ್ ಅಂದ್ರೆ ಚಿಪ್ ವಿನ್ಯಾಸ ಬರೆದು ಪರೀಕ್ಷಿಸೋ ಭಾಷೆ, ಪ್ರಾಪರ್ಟಿ ಅಂದ್ರೆ ಆ ವಿನ್ಯಾಸ ಪಾಲಿಸಬೇಕು ಅಂತ ಅದರಲ್ಲಿ ಬರೆಯೋ ನಿಯಮ. ಆ ಆಕ್ಷೇಪ ಕೇಳಿ ಕೇಳಿ ಸಾಕಾಗಿದೆ. ಹೀಗೆ ತನ್ನನ್ನೇ ಕರೆಯೋ ಸುತ್ತು ತಪ್ಪಲ್ಲ ಸ್ವಾಮಿ, ನಡುವೆ ಕ್ಲಾಕ್ (ಚಿಪ್‌ನ ಕಾಲದ ಒಂದು ಮಿಡಿತ) ಇಲ್ಲದ ಸುತ್ತು ತಪ್ಪು.

ಎ ಅನ್ನೋ ಒಂದು ಸಿಗ್ನಲ್ ಇಟ್ಕೊಂಡು ಈ ಪ್ರಾಪರ್ಟಿ ನೋಡಿ: 'ಈಗ ಎ ನಿಜ, ಮುಂದಿನ ಕ್ಲಾಕ್‌ನಲ್ಲೂ ಇದೇ ಪ್ರಾಪರ್ಟಿ ನಿಜ.' ಬಿಡಿಸುತ್ತಾ ಹೋಗಿ, ಪ್ರತಿ ಕ್ಲಾಕ್‌ನಲ್ಲೂ ಎ. ಅಚ್ಚುಕಟ್ಟಾದ 'ಆಲ್ವೇಸ್'! ಇದರಲ್ಲಿ 'ಮುಂದಿನ ಕ್ಲಾಕ್' ಅನ್ನೋದನ್ನ ಬರೆಯೋದು ಇಂಪ್ಲಿಕೇಶನ್ ('ಹೀಗಿದ್ದರೆ ಹಾಗೆ') ಬಾಣದಿಂದ. ಈಗ ಆ ಬಾಣದಲ್ಲಿರೋ ಈಕ್ವಲ್ ಚಿಹ್ನೆ ತೆಗೆದು ಮೈನಸ್ ಹಾಕಿ. ಬದಲಾಗಿದ್ದು ಒಂದೇ ಅಕ್ಷರ, ಆದ್ರೆ ನಡುವಿನ ಕ್ಲಾಕ್ ಹೋಯ್ತು, ಪ್ರಾಪರ್ಟಿ ಇದೇ ಕ್ಷಣದಲ್ಲಿ ತನ್ನನ್ನೇ ಕರೆಯುತ್ತೆ. ಎ ನಿಜ ಇದ್ದಾಗ ಪ್ರಾಪರ್ಟಿ ನಿಜ ಅಂದ್ರೂ ಸರಿಹೋಗುತ್ತೆ, ಸುಳ್ಳು ಅಂದ್ರೂ ಸರಿಹೋಗುತ್ತೆ. ಅಂಥದ್ದಕ್ಕೆ ಅರ್ಥ ಎಲ್ಲಿಂದ ಬರಬೇಕು?

ಅದಕ್ಕೇ ಸಿಸ್ಟಮ್‌ವೆರಿಲಾಗ್‌ನ ಮಾನದಂಡ ಐಇಇಇ 1800 ಹೇಳೋದು: ಕಾಲ ಮುಂದೆ ಸರಿದ ಮೇಲೆಯೇ ತನ್ನನ್ನ ಕರೆಯಬೇಕು. ಆ ಕರೆಗೆ 'ನಾಟ್' (ಅಲ್ಲ) ಹಾಕೋ ಹಾಗಿಲ್ಲ, 'ಎಸ್_ಎವೆಂಚುವಲಿ' (ಎಂದಾದರೂ ಆಗಲೇಬೇಕು) ಥರದ ಸ್ಟ್ರಾಂಗ್ ಆಪರೇಟರೂ ಇಲ್ಲ. ಒಳಗೆ 'ಡಿಸೇಬಲ್ ಇಫ್' (ಈ ಷರತ್ತಿದ್ದರೆ ಪರೀಕ್ಷೆ ಬಿಡು) ಕೂಡ ಇಲ್ಲ. ರೀಸೆಟ್ ಬೇಕಿದ್ರೆ ಪ್ರಾಪರ್ಟಿಯನ್ನ ಪರೀಕ್ಷೆಗೆ ಹಚ್ಚೋ ಹೊರಗಿನ ಅಸರ್ಶನ್‌ನಲ್ಲಿ ಹಾಕಿ. ಸೀಕ್ವೆನ್ಸ್‌ಗಂತೂ (ಘಟನೆಗಳ ಸರಣಿ ಬರೆಯೋದಕ್ಕೆ) ಸುತ್ತು ಪೂರ್ತಿ ನಿಷಿದ್ಧ.

"ಟೂಲ್ ಎರರ್ ಕೊಡುತ್ತಲ್ಲ, ಇನ್ನೇನು?" ಟೂಲ್ ಹಿಡಿಯೋದು ಬರೆದಿರೋ ಪ್ರಾಪರ್ಟಿಯೊಳಗಿನ ಸುತ್ತನ್ನ. ಅಸ್ಯೂಮ್‌ಗಳಲ್ಲಿ, ಅಂದ್ರೆ ಸಾಧಿಸದೆ ನಂಬೋ ಮಾತುಗಳಲ್ಲಿ, ಅಡಗಿರೋದನ್ನ ಯಾರು ಹಿಡೀತಾರೆ? ಡೇಟಾ ಕೊಡೋದು ಮಾಸ್ಟರ್, ಅದರ 'ವ್ಯಾಲಿಡ್' ಅಂದ್ರೆ ಡೇಟಾ ಸಿದ್ಧ; ತಗೊಳ್ಳೋದು ಸ್ಲೇವ್, ಅದರ 'ರೆಡಿ' ಅಂದ್ರೆ ತಗೊಳ್ಳೋಕೆ ಸಿದ್ಧ. ಮಾಸ್ಟರ್ ಬ್ಲಾಕ್‌ನಲ್ಲಿ 'ಎಂದಾದರೂ ರೆಡಿ ಬರುತ್ತೆ' ಅಂತ ಅಸ್ಯೂಮ್, 'ಎಂದಾದರೂ ವ್ಯಾಲಿಡ್ ಏಳುತ್ತೆ' ಅಂತ ಅಸರ್ಟ್ (ಸಾಧಿಸಬೇಕಾದ್ದು). ಸ್ಲೇವ್‌ನಲ್ಲಿ ಇದರ ತಿರುವುಮುರುವು. ಬೇರೆಬೇರೆ ಓಡಿಸಿದ್ರೆ ಎರಡೂ ಪ್ರೂವನ್! ಜೋಡಿಸಿದ್ರೆ ವ್ಯಾಲಿಡ್ ರೆಡಿಗೆ ಕಾಯುತ್ತೆ, ರೆಡಿ ವ್ಯಾಲಿಡ್‌ಗೆ ಕಾಯುತ್ತೆ, ಬಸ್ ಸ್ತಬ್ಧ. ವ್ಯಾಲಿಡ್ ಎಬ್ಬಿಸೋಕೆ ರೆಡಿಗೆ ಕಾಯಬಾರದು ಅಂತ ಎಎಕ್ಸ್‌ಐ (ಚಿಪ್ ಒಳಗಿನ ಬ್ಲಾಕ್‌ಗಳ ಸಂವಹನದ ಒಪ್ಪಂದ) ನಿಯಮ ಮಾಡಿರೋದು ಇದೇ ಡೆಡ್‌ಲಾಕ್ ತಪ್ಪಿಸೋಕೆ. 'ಎಂದಾದರೂ' ಅನ್ನೋದರಲ್ಲಿ ಎಣಿಸೋಕೆ ಕ್ಲಾಕ್ ಎಲ್ಲಿದೆ?

ಹಾಗಾದ್ರೆ ದಾರಿ? ಸೇಫ್ಟಿ ('ಕೆಟ್ಟದ್ದು ಎಂದೂ ಆಗಲ್ಲ') ಆದ್ರೆ ಹಿಂದಿನ ಕ್ಲಾಕ್‌ವರೆಗಿನ ಅಸ್ಯೂಮ್ ಇಟ್ಟುಕೊಂಡು ಈ ಕ್ಲಾಕ್ ಸಾಧಿಸಿ, ಎರಡೂ ಬದಿಗೆ ಇದು ನಡೆಯುತ್ತೆ. ಲೈವ್‌ನೆಸ್ ('ಒಳ್ಳೇದು ಎಂದಾದರೂ ಆಗುತ್ತೆ') ಆದ್ರೆ ಆ ರೆಡಿ ಅಸ್ಯೂಮ್ ತೆಗೆದುಹಾಕಿ ಮಾಸ್ಟರ್‌ನ ವ್ಯಾಲಿಡ್ ಮೊದಲು ಸಾಧಿಸಿ, ಆಮೇಲೆ ಸ್ಲೇವ್.

"ಸಿಮ್ಯುಲೇಶನ್‌ನಲ್ಲಿ ಚೆನ್ನಾಗೇ ಓಡಿತ್ತು" ಅಂತ ಬರೋರಿಗೆ ಉತ್ತರ ಕೊಡಲ್ಲ. ಕ್ಲಾಕ್ ಎಲ್ಲಿದೆ ತೋರಿಸಿ. ಆ ಬಾಣದಲ್ಲಿ, ಆ ಅಸ್ಯೂಮ್‌ನಲ್ಲಿ, ಕ್ಲಾಕ್ ಎಲ್ಲಿದೆ?

ಮುಂದಿನ ಸಂಚಿಕೆ ವ್ಯಾಕ್ಯುಯಿಟಿ (ಷರತ್ತೇ ಎದುರಾಗದೆ ಪ್ರಾಪರ್ಟಿ ಪಾಸಾಗೋದು) ಬಗ್ಗೆ. ಸಬ್‌ಸ್ಕ್ರೈಬ್ ಮಾಡಿ, ನಿಮ್ಮ ತಂಡದವರಿಗೂ ಕಳಿಸಿ. ಟೂಲ್ ಬೇಡ ಅಂದ ಪ್ರಾಪರ್ಟಿ ಇದ್ರೆ ಕೆಳಗೆ ಹಾಕಿ, ಕ್ಲಾಕಿಂಗ್ ಇವೆಂಟ್ (ಯಾವ ಕ್ಲಾಕ್‌ಗೆ ಪರೀಕ್ಷೆ ಅನ್ನೋದು) ಸಮೇತ.